ಕಾಯಿಕೊರಕಕ್ಕೆ ಬಿಟಿನಾ, ಆರ್‌ಎನ್‌ಎ ಸ್ಪ್ರೇನಾ?

ಮಂಡ್ಯ ಕಡೆ ಟೊಮೆಟೊ ಹಾಕಿ ಕಾಯಿಕೊರಕಕ್ಕೆ ಏನು ಹೊಡೆಯೋಣ ಅಂತ ಯೋಚಿಸುತ್ತಿದ್ದರೆ, ಸದ್ಯಕ್ಕೆ ಬಿಟಿ ಪುಡಿಯೇ (ಹುಳು ಕೊಲ್ಲುವ ಒಂದು ಬ್ಯಾಕ್ಟೀರಿಯಾದಿಂದ ಮಾಡಿದ್ದು) ಸರಿ. ಅದನ್ನು ತಿಂದ ಹುಳು ಕರುಳು ಕೆಟ್ಟು ಕೆಲವೇ ಗಂಟೆಗಳಲ್ಲಿ ಮೇಯುವುದನ್ನು ನಿಲ್ಲಿಸುತ್ತದೆ. ಬಿಸಿಲಿಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಸಂಜೆಯೇ ಹೊಡೆಯಿರಿ, ಅದೂ ಹುಳು ಕಾಯಿಯೊಳಗೆ ಹೋಗುವ ಮೊದಲು.

ಆರ್‌ಎನ್‌ಎ ಸ್ಪ್ರೇ ದಾರಿಯೇ ಬೇರೆ. ಆರ್‌ಎನ್‌ಎ ಅಂದರೆ ಜೀವಕೋಶದೊಳಗೆ ಜೀನ್‌ನ ಸಂದೇಶ ಒಯ್ಯುವ ಅಣು. ಎಲೆ ಜೊತೆ ಎರಡೆಳೆ ಆರ್‌ಎನ್‌ಎ ಹೊಟ್ಟೆಗೆ ಹೋಗಿ, ಹುಳು ಬದುಕಲು ಬೇಕೇ ಬೇಕಾದ ಒಂದು ಜೀನ್‌ನ ಬಾಯಿ ಮುಚ್ಚಿಸುತ್ತದೆ. ಆ ಹುಳುವಿನ ಜೀನ್ ನೋಡಿಯೇ ತಯಾರಿಸುವುದರಿಂದ ಜೇನುನೊಣದಂಥ ಬೇರೆ ಕೀಟಗಳಿಗೆ ತೊಂದರೆ ಕಡಿಮೆ, ನನಗೆ ತುಂಬಾ ಇಷ್ಟವಾಗುವುದೇ ಇದು. ಅಮೆರಿಕದಲ್ಲಿ 2023ರಲ್ಲಿ ಆಲೂಗಡ್ಡೆ ಜೀರುಂಡೆಗೆ ಇಂಥದ್ದಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ನಮ್ಮ ಕಾಯಿಕೊರಕ ಪತಂಗದ ಮರಿ ಅಲ್ವಾ? ಅವುಗಳ ಕರುಳಿನ ರಸ ಆರ್‌ಎನ್‌ಎಯನ್ನು ಬೇಗ ಕತ್ತರಿಸಿಹಾಕುತ್ತದೆ. ಕೆಲಸ ಮಾಡಿದರೂ ಸಾಯಲು ದಿನ ಜಾಸ್ತಿ. ಯಾರಾದರೂ ಹೊಸ ಔಷಧಿ ಅಂತ ಕೊಟ್ಟರೆ, ಲೇಬಲ್ಲಿನಲ್ಲಿ ಹುಳುವಿನ ಹೆಸರು, ನೋಂದಣಿ ಸಂಖ್ಯೆ ನೋಡದೆ ಸುಮ್ನೆ ತರಬೇಡಿ.