ಹ್ಯಾಂಡ್ ಆಫ್ ಫೇಟ್ 299 ರೂಪಾಯಿಗೆ ಸಿಗುತ್ತೆ ಅಂದರೆ ನಂಬಬೇಡಿ

"ಹ್ಯಾಂಡ್ ಆಫ್ ಫೇಟ್ 1, 2, ಎಲ್ಲ ಡಿಎಲ್‌ಸಿ ಸೇರಿ ಬರೀ 299, ಲೈಫ್‌ಟೈಮ್" ಅಂತ ಟೆಲಿಗ್ರಾಂ ಗುಂಪುಗಳಲ್ಲಿ ಒಬ್ಬ ಹಾಕುತ್ತಿದ್ದಾನೆ. ಹ್ಯಾಂಡ್ ಆಫ್ ಫೇಟ್ ಒಂದು ಕಂಪ್ಯೂಟರ್ ಆಟ, ಡಿಎಲ್‌ಸಿ ಅಂದರೆ ಅದರ ಹೆಚ್ಚುವರಿ ಭಾಗಗಳು. ದಯವಿಟ್ಟು ದುಡ್ಡು ಕಳಿಸಬೇಡಿ. ನಾನು ಕಳಿಸಿದೆ. ಈಗ ದುಡ್ಡೂ ಇಲ್ಲ, ಆಟವೂ ಇಲ್ಲ. 299 ದೊಡ್ಡ ಮೊತ್ತ ಅಲ್ಲ, ಗೊತ್ತು. ಆದರೆ ಅವನು ಕೊಟ್ಟ ಉತ್ತರ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಎದುರಿಗೆ ಒಬ್ಬ ಡೀಲರ್ ಕೂತು ಮೇಜಿನ ಮೇಲೆ ಇಸ್ಪೀಟಿನ ಥರ ಎಲೆ ಹಾಸುತ್ತಾನೆ. ಒಂದೊಂದು ಎಲೆ ತಿರುವಿದಾಗಲೂ ಒಂದು ಕತೆ. ಮುಂದೆ ಹೋದಷ್ಟೂ ನಿಮ್ಮ ಊಟ ಖರ್ಚಾಗುತ್ತದೆ. ಹೊಡೆದಾಟದ ಎಲೆ ಬಂತೋ, ಮೇಜು ಮಾಯ, ನೀವೇ ಕತ್ತಿ ಹಿಡಿದು ಶತ್ರುಗಳ ಮಧ್ಯೆ ನಿಂತಿರುತ್ತೀರಿ. ಗೆದ್ದರೆ ಟೋಕನ್, ಟೋಕನ್ ಸಿಕ್ಕರೆ ಹೊಸ ಎಲೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಡಿಫೈಯಂಟ್ ಡೆವಲಪ್‌ಮೆಂಟ್‌ನವರು ಮಾಡಿದ್ದು. ಮೊದಲನೆಯದು 2015ರಲ್ಲಿ, ಎರಡನೆಯದು 2017ರಲ್ಲಿ ಬಂತು. 2019ರಲ್ಲಿ ಆ ಸ್ಟುಡಿಯೋ ಬಾಗಿಲು ಹಾಕಿತು. ಈ ಕೊನೆಯ ವಿಷಯ ನೆನಪಿರಲಿ.

ದುಡ್ಡು ಹಾಕಿ ಕೀಗೆ, ಅಂದರೆ ಆಟವನ್ನು ನನ್ನ ಅಕೌಂಟಿಗೆ ಸೇರಿಸಿಕೊಳ್ಳುವ ಕೋಡ್‌ಗೆ, ಕಾದೆ. ಯಾರಾದರೂ ಕಾಯುವುದು ಕೀಗೇ ಅಲ್ವಾ? ಬಂದದ್ದು ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿನ ಯಾರದೋ ಅಕೌಂಟಿನ ಐಡಿ, ಪಾಸ್‌ವರ್ಡ್. ಕೀ ಎಲ್ಲಿ ಅಂದೆ. "ಬ್ರೋ, ಇದೇ ಕೀ. ಲಾಗಿನ್ ಆಗಿ ಡೌನ್‌ಲೋಡ್ ಮಾಡಿ, ಆಮೇಲೆ ಆಫ್‌ಲೈನ್ ಮೋಡ್‌ಗೆ ಹಾಕಿ. ಎಲ್ಲರೂ ಹೀಗೇ ಆಡೋದು." ಜಾಹೀರಾತಿನಲ್ಲಿ ಅಕೌಂಟ್ ಅನ್ನುವ ಮಾತೇ ಇರಲಿಲ್ಲ. ಲೈಫ್‌ಟೈಮ್ ಅಂತ ಮಾತ್ರ ಇತ್ತು. ಯಾರ ಲೈಫೋ!

ತೆರೆದರೆ ಯಾರೋ ಆಗಲೇ ಆಡಿ ಮುಗಿಸಿ ಉಳಿಸಿಟ್ಟ ಆಟ. ಎಲೆಗಳೆಲ್ಲ ಬಿಚ್ಚಿಕೊಂಡಿವೆ. ಜ್ಯಾಕ್ ಆಫ್ ಡಸ್ಟ್‌ನಿಂದ ಹಿಡಿದು ಎಲ್ಲ ಬಾಸ್‌ಗಳೂ, ಅಂದರೆ ಒಂದೊಂದು ಹಂತದ ಕೊನೆಯ ದೊಡ್ಡ ಶತ್ರುಗಳೂ, ಸೋತಿದ್ದಾರೆ. ಒಂದೊಂದೇ ಎಲೆ ಗೆದ್ದುಕೊಳ್ಳುವುದೇ ಈ ಆಟದ ಮಜಾ. ಮದುವೆ ಮನೆಯಲ್ಲಿ ಬೇರೆಯವರು ಉಂಡು ಎದ್ದ ಎಲೆ ಮುಂದೆ ಕೂರಿಸಿದ ಹಾಗಾಯಿತು. ಇರಲಿ ಅಂತ ಹೊಸದಾಗಿ ಶುರು ಮಾಡಿದೆ. ಕ್ವೀನ್ ಆಫ್ ಡಸ್ಟ್ ಅನ್ನೋ ಬಾಸ್‌ವರೆಗೂ ಬಂದಿದ್ದೆ. ಒಂದು ರಾತ್ರಿ ಸ್ಟೀಮ್ ಮತ್ತೆ ಲಾಗಿನ್ ಕೇಳಿತು. ಪಾಸ್‌ವರ್ಡ್ ತಪ್ಪು ಅಂತು. ಮತ್ತೆ ಹಾಕಿದೆ. ತಪ್ಪು.

ಅವನಿಗೆ ಮೆಸೇಜ್ ಮಾಡಿ ರೇಗಿದೆ. ಉತ್ತರ ನೋಡಿ: "ಬ್ರೋ, ಆ ಗೇಮ್ ಕಂಪನಿನೇ ಕ್ಲೋಸ್ ಆಗಿದೆ. ಸರ್ವರ್ ಆಫ್ ಮಾಡಿದ್ದಾರೆ. ನಾನೇನ್ ಮಾಡ್ಲಿ?"

ಇಲ್ಲೇ ನೋಡಿ ನಾನು ಬಿದ್ದದ್ದು. ಹುಡುಕಿದೆ, ಕಂಪನಿ ಮುಚ್ಚಿದ್ದು ನಿಜ! ಪಾಪ, ಇವನೇನು ಮಾಡ್ತಾನೆ ಅಂತ ಸಾರಿ ಬೇರೆ ಕೇಳಿದೆ. ಹೌದು, ದುಡ್ಡು ಕಳ್ಕೊಂಡವನು ನಾನು, ಸಾರಿ ಕೇಳಿದವನೂ ನಾನೇ. "ಪರವಾಗಿಲ್ಲ ಬ್ರೋ" ಅಂದ. ಎಂಥ ದೊಡ್ಡ ಮನಸ್ಸು!

ಮಲಗಿದ ಮೇಲೆ ತಲೆ ಓಡಿತು. ಇದು ಒಬ್ಬರೇ ಆಡುವ ಆಟ. ಇದಕ್ಕೆ ಯಾವ ಸರ್ವರ್? ಬ್ರಿಸ್ಬೇನ್‌ನಲ್ಲಿ ಸ್ಟುಡಿಯೋ ಮುಚ್ಚಿದರೆ ಸ್ಟೀಮ್ ಪಾಸ್‌ವರ್ಡ್ ಯಾಕೆ ಬದಲಾಗುತ್ತೆ? ಅದೂ 2019ರಲ್ಲೇ ಮುಚ್ಚಿದ್ದು, ನನಗೆ ಮಾರುವಾಗ ಇವನಿಗೆ ಗೊತ್ತಿರಲಿಲ್ವಾ? ಕೇಳಿದೆ.

"ಓಕೆ ಬ್ರೋ, ರೀ-ಆಕ್ಟಿವೇಷನ್ ಚಾರ್ಜ್ 150 ಕಳಿಸಿ."

ಸರ್ವರ್ ಆಫ್ ಆಗಿದ್ದರೆ ಆಕ್ಟಿವೇಟ್ ಹೇಗೆ ಮಾಡ್ತೀರಿ?

"ಅದು ಬೇರೆ ಸರ್ವರ್ ಬ್ರೋ."

ದುಡ್ಡು ಕಳಿಸಲ್ಲ ಅಂದಾಗ ಇನ್ನೊಂದು ವರಸೆ. "ನಿಮ್ಮ ಐಡಿ, ಪಾಸ್‌ವರ್ಡ್ ಕೊಡಿ, ಅದಕ್ಕೇ ಗೇಮ್ ಹಾಕಿಕೊಡ್ತೀನಿ. ಒಂದು ಕೋಡ್ ಬರುತ್ತೆ, ಅದನ್ನೂ ಹೇಳಿ." ಅದು ಸ್ಟೀಮ್ ಗಾರ್ಡ್ ಕೋಡ್, ಲಾಗಿನ್‌ಗೆ ಬರುವ ಒಟಿಪಿ ಥರದ್ದು. ಕೊಟ್ಟರೆ ನಿಮ್ಮ ಅಕೌಂಟೇ ಹೋಗುತ್ತೆ, ಬಹುಶಃ ಮುಂದಿನವನಿಗೆ ಅದನ್ನೇ ಮಾರುತ್ತಾನೆ. ಕೊಡಲಿಲ್ಲ. ಬ್ಲಾಕ್ ಮಾಡಿದ.

ಅಕೌಂಟ್ ಮಾರುವುದಕ್ಕೆ ಸ್ಟೀಮ್‌ನ ನಿಯಮದಲ್ಲಿ ಅವಕಾಶವೇ ಇಲ್ಲ, ಹಾಗಾಗಿ ಅಲ್ಲಿ ದೂರಿದರೆ ಪ್ರಯೋಜನ ಇಲ್ಲ. ಸೇಲ್ ಬರೋವರೆಗೆ ಕಾದು ನೇರವಾಗಿ ಸ್ಟೀಮ್‌ನಲ್ಲೇ ಕೊಳ್ಳಿ. ಇಷ್ಟ ಆಗದಿದ್ದರೆ, ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಕನ್ನಡದವನು, ನಮ್ಮವನು ಅಂತ ನಂಬಬೇಡಿ. ಚೆನ್ನಾಗಿ ಕನ್ನಡದಲ್ಲೇ ಟೋಪಿ ಹಾಕಿದ.

ಗೆಳೆಯರು "ಹ್ಯೂಜ್ ಫೇಲ್ಯೂರ್ ಎಲೆ ಎತ್ತಿದೆ ಬಿಡು" ಅಂತ ಆಟದಲ್ಲಿನ ಮಹಾಸೋಲಿನ ಎಲೆಯ ಹೆಸರು ಹೇಳಿ ನಗುತ್ತಿದ್ದಾರೆ. ನಗಲಿ. ಯುಪಿಐ ಐಡಿ, ಚಾಟ್ ಎಲ್ಲ ಸ್ಕ್ರೀನ್‌ಶಾಟ್ ತೆಗೆದಿಟ್ಟು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಇವನ ಕೈಲಿ ನೀವೂ ಸಿಕ್ಕಿಬಿದ್ದಿದ್ದರೆ ನಾಚಿಕೊಂಡು ಸುಮ್ನೆ ಕೂರಬೇಡಿ, ನೀವೂ ಕೊಡಿ. ನಾನೊಬ್ಬನೇ ಕೊಟ್ಟರೆ 299ಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?