ಅಳಿಸಿದರೂ ಮತ್ತೆ ಬರುವ ಸರ್ವರ್: ಕ್ರಾಸ್‌ಪ್ಲೇನ್ ಜೊತೆ ಮೂರು ವರ್ಷ

ಶನಿವಾರ ಸಂಜೆ ಟೆಸ್ಟ್ ಸರ್ವರ್ ಅಳಿಸಿ ಮನೆಗೆ ಹೋದೆ. ಎರಡು ದಿನದ ಬಾಡಿಗೆ ಉಳಿಯಿತು ಅಂತ ಖುಷಿ. ಸೋಮವಾರ ಬಂದು ನೋಡಿದರೆ ಆರಾಮಾಗಿ ಓಡುತ್ತಿದೆ! ಮತ್ತೆ ಅಳಿಸಿದೆ. ಊಟ ಮುಗಿಸಿ ಬರುವಷ್ಟರಲ್ಲಿ ಬೇತಾಳ ಮತ್ತೆ ಮರ ಏರಿತ್ತು.

ತಪ್ಪು ನನ್ನದೇ. ಕ್ಲೌಡ್ ಕಂಪನಿಯ ಕನ್ಸೋಲ್‌ಗೆ, ಅಂದರೆ ಅವರ ವೆಬ್ ಪುಟಕ್ಕೆ, ಹೋಗಿ ಅಳಿಸಿದ್ದೆ. ನಮ್ಮ ಕ್ಲೌಡ್ ಸರ್ವರ್, ಡೇಟಾಬೇಸ್‌ಗಳನ್ನೆಲ್ಲ ಹುಟ್ಟಿಸಿ ನೋಡಿಕೊಳ್ಳುವ ಸಾಫ್ಟ್‌ವೇರ್ ಕ್ರಾಸ್‌ಪ್ಲೇನ್, ಅದನ್ನೆಲ್ಲ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅದು ಓಡುವುದು ಕ್ಯೂಬರ್ನೆಟಿಸ್ (ಆ್ಯಪ್‌ಗಳನ್ನು ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ) ಮೇಲೆ. ಅದಕ್ಕೆ ಕೊಟ್ಟ ಯಾಮಲ್‌ನಲ್ಲಿ, ಅಂದರೆ ಏನೇನು ಬೇಕು ಅಂತ ಬರೆದ ಫೈಲಿನಲ್ಲಿ, ಏನಿದೆಯೋ ಅದೇ ಕ್ರಾಸ್‌ಪ್ಲೇನ್‌ಗೆ ಸತ್ಯ. ಆಗಾಗ ಹೋಲಿಸಿ ನೋಡಿ, ಕಾಣೆಯಾದದ್ದನ್ನು ಮತ್ತೆ ಹುಟ್ಟಿಸುತ್ತದೆ.

ದಾವಣಗೆರೆಯಲ್ಲಿ ನಮ್ಮದು ಮೂರು ಜನರ ಆಫೀಸು, ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಮೊದಲು ಡೇಟಾಬೇಸ್‌ಗೊಂದು ದಾರಿ, ಸ್ಟೋರೇಜ್‌ಗೊಂದು, ಆ್ಯಪ್‌ಗೊಂದು ಇತ್ತು. ಈಗ ಎಲ್ಲಕ್ಕೂ ಒಂದೇ ಎಪಿಐ, ಅಂದರೆ ಕೇಳುವ ಬಾಗಿಲು ಒಂದೇ. ಬೆಳಿಗ್ಗೆ ಬಂದ ತಕ್ಷಣ 'ಕ್ಯೂಬ್‌ಸಿಟಿಎಲ್ ಗೆಟ್ ಮ್ಯಾನೇಜ್ಡ್' ಕಮಾಂಡ್ ಹೊಡೆಯುತ್ತೇನೆ, ಕ್ರಾಸ್‌ಪ್ಲೇನ್ ನೋಡಿಕೊಳ್ಳುವುದರ ಪಟ್ಟಿ ಬರುತ್ತದೆ. 'ಸಿಂಕ್ಡ್', 'ರೆಡಿ' ಎರಡೂ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ 'ಟ್ರೂ' ಇದ್ದರೆ ಕೆಳಗಿಳಿದು ಬಿಸಿಬಿಸಿ ಬೆಣ್ಣೆ ದೋಸೆ. ಒಂದೇ ಒಂದು 'ಫಾಲ್ಸ್' ಕಂಡರೂ ದೋಸೆ ಪಾರ್ಸೆಲ್.

ಕ್ರಾಸ್‌ಪ್ಲೇನ್‌ಗೆ ದುಡ್ಡಿಲ್ಲ, ಅದನ್ನು ಓಡಿಸುವ ಕ್ಲಸ್ಟರ್‌ಗೆ (ಕ್ಯೂಬರ್ನೆಟಿಸ್ ಇರುವ ಮಷಿನ್‌ಗೆ) ಇದೆ. 2023ರ ಆರಂಭದಲ್ಲಿ ಪ್ರೊವೈಡರ್ (ಕ್ಲೌಡ್ ಕಂಪನಿಯ ಜೊತೆ ಮಾತಾಡುವ ಭಾಗ) ಹಾಕಿದಾಗ ನಮಗೆ ಬೇಕಿದ್ದದ್ದು ನಾಲ್ಕೈದು ಸಿಆರ್‌ಡಿ (ಕ್ಯೂಬರ್ನೆಟಿಸ್‌ಗೆ ಹೊಸ ಬಗೆಯ ವಸ್ತು ಪರಿಚಯಿಸುವ ವಿವರಣೆ), ಬಂದದ್ದು ಸುಮಾರು 900. ನಮ್ಮ 4 ಜಿಬಿ ಮಷಿನ್ ಏದುಸಿರು ಬಿಟ್ಟಿತು. ಅದೇ ವರ್ಷ ಅದನ್ನು ತಯಾರಿಸುವವರು ಆ ಗಂಟನ್ನು ಬಿಚ್ಚಿ ಸೇವೆಗೊಂದರಂತೆ ಚಿಕ್ಕ ಪ್ರೊವೈಡರ್ ಮಾಡಿದರು, ಬಚಾವಾದೆವು. ಒಂದೇ ಸರ್ವರ್ ಇಟ್ಟುಕೊಂಡವರಿಗೆ ಇದೆಲ್ಲ ಸುಮ್ನೆ ತಲೆನೋವು.

ಬೇತಾಳದ ಮೇಲಿನ ಸಿಟ್ಟು ಇಳಿದದ್ದು ಒಂದು ರಾತ್ರಿ. ಹೊಸ ಹುಡುಗ ಕನ್ಸೋಲ್ ಕ್ಲೀನ್ ಮಾಡಲು ಹೋಗಿ, ಡೇಟಾಬೇಸ್‌ಗೆ ದಾರಿ ಬಿಡುವ ಫೈರ್‌ವಾಲ್ ರೂಲನ್ನೇ ತೆಗೆದುಬಿಟ್ಟಿದ್ದ. "ಸರ್, ಏನೋ ಆಗಿದೆ" ಅಂತ ಫೋನು. ನಾನು ಲ್ಯಾಪ್‌ಟಾಪ್ ಹುಡುಕಿ ತೆರೆಯುವಷ್ಟರಲ್ಲಿ ರೂಲ್ ವಾಪಸ್ ಬಂದಿತ್ತು! ಅವನಿಗೆ ಬಯ್ಯಲೂ ಇಲ್ಲ.

ಆಮೇಲೆ ನಿದ್ದೆ ಬರಲಿಲ್ಲ. ಅವನು ಡೇಟಾಬೇಸನ್ನೇ ಅಳಿಸಿದ್ದರೆ? ಅದೂ ಮತ್ತೆ ಬರುತ್ತಿತ್ತು, ಆದರೆ ಖಾಲಿ. ಕೊಡ ತಂದಿಡುತ್ತದೆ, ನೀರು ತರುವುದಿಲ್ಲ. ನಾವು ಕ್ಲಸ್ಟರ್‌ನಿಂದಲೇ ಅಳಿಸಿದರೆ ಕ್ಲೌಡ್‌ನಲ್ಲಿರುವ ನಿಜವಾದ ಡೇಟಾಬೇಸೂ ಹೋಗುತ್ತದೆ. ಬೇರೇನೂ ಹೇಳದಿದ್ದರೆ ಅದರ ಪದ್ಧತಿಯೇ ಅದು. ಎದ್ದು ಕೂತು ಯಾಮಲ್‌ಗೆ 'ಡಿಲೀಶನ್ ಪಾಲಿಸಿ: ಆರ್ಫನ್' ಸಾಲು ಸೇರಿಸಿದೆ, ಅಂದರೆ ಕ್ಲಸ್ಟರ್‌ನಿಂದ ಅಳಿಸಿದರೂ ಕ್ಲೌಡ್‌ನಲ್ಲಿರುವುದನ್ನು ಮುಟ್ಟಬೇಡ ಅಂತ. ಬ್ಯಾಕಪ್ ಬೇರೆ ಕಡೆ ಇಟ್ಟೆ.

ಟೆಸ್ಟ್ ಸರ್ವರನ್ನು ಈಗ ಕ್ಲಸ್ಟರ್‌ನಿಂದಲೇ ಅಳಿಸುತ್ತೇನೆ. ಸೋಮವಾರ ಮತ್ತೆ ಹಾಕಲು ಮರೆತು ಹುಡುಗರಿಂದ ಬೈಸಿಕೊಳ್ಳುವುದೂ ಉಂಟು.