ಘಟ್ಟದ ಮೇಲೆ ಜೆಲ್ಲಿ, ಘಟ್ಟದ ಕೆಳಗೆ ಕ್ರೀಮು: ಮಗಳ ಇಸುಬಿಗೆ ಹಚ್ಚಿ ನೋಡಿದ ಜಿಡ್ಡುಗಳು

ನನ್ನ ತವರು ಶಿರಸಿ ಹತ್ತಿರದ ಅಡಿಕೆ ತೋಟದ ಮನೆ, ಗಂಡನ ಮನೆ ಕಾರವಾರ. ದೇವಿಮನೆ ಘಾಟಿ ಇಳಿದು ಕುಮಟಾ, ಅಂಕೋಲಾ ದಾಟುವಷ್ಟರಲ್ಲಿ ಹವೆಯೇ ಬದಲಾಗಿಬಿಡುತ್ತದೆ. ಈ ಎರಡು ಹವೆಗಳ ನಡುವೆ ಓಡಾಡಿಕೊಂಡು ಬೆಳೆದ ಮಗಳಿಗೆ ಕೂಸಾಗಿದ್ದಾಗಲೇ ಕೆನ್ನೆಯ ಮೇಲೆ ಇಸುಬು ಕಾಣಿಸಿಕೊಂಡಿತು. ನಡೆಯಲು ಕಲಿತ ಮೇಲೆ ಅದು ಮೊಣಕೈ, ಮೊಣಕಾಲಿನ ಮಡಿಕೆಗಳಿಗೆ ಇಳಿಯಿತು. ವೈದ್ಯರು ಎಟೊಪಿಕ್ ಎಕ್ಸಿಮಾ ಎಂದರು. ನೀರಿನಂಶವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇಂಥ ಮಕ್ಕಳ ಚರ್ಮಕ್ಕೆ ಕಡಿಮೆ. ಹಾಗಾಗಿ ಜಿಡ್ಡು ಹಚ್ಚುವುದು ನಿತ್ಯದ ಕೆಲಸ, ಔಷಧದ ಮುಲಾಮು ಕೆರಳಿದಾಗಿನ ಕೆಲಸ ಎಂದು ತಿಳಿಸಿ ಕಳಿಸಿದರು.

ಯಾವ ಜಿಡ್ಡು ಎಂಬಲ್ಲಿ ಮನೆಯೊಳಗೆ ಪಕ್ಷಗಳಾದವು. ಆಯಿ, ಅಂದರೆ ನನ್ನ ಅಮ್ಮ, ತೆಂಗಿನೆಣ್ಣೆ ಮತ್ತು ಮುರುಗಲ (ಕೋಕಂ) ತುಪ್ಪದ ಕಡೆ. ಅತ್ತೆಯವರಿಗೆ ಜಿಡ್ಡೆಂದರೆ ಆಗದು, ಮಗುವಿಗೆ ಪೌಡರು ಹಾಕಿದರೇ ಸಮಾಧಾನ. ನನ್ನ ಗಂಡ ಮೊಬೈಲಿನಲ್ಲಿ ಕಂಡ ದುಬಾರಿ ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಬಗೆಯ ಜಿಡ್ಡು) ಕ್ರೀಮಿನ ವಕೀಲ. ಯಾರ ಮಾತನ್ನೂ ತೆಗೆದುಹಾಕದೆ, ವೈದ್ಯರನ್ನು ಕೇಳಿಕೊಂಡು, ಎಡಗೈಗೆ ಒಂದು, ಬಲಗೈಗೆ ಇನ್ನೊಂದು ಹಚ್ಚಿ ನೋಡುತ್ತ ಬಂದೆ.

ಮೊದಲು ತೆಂಗಿನೆಣ್ಣೆ. ಇದನ್ನು ಅಜ್ಜಿಯರ ನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಫಿಲಿಪ್ಪೀನ್ಸಿನಲ್ಲಿ ಇಸುಬಿರುವ ಮಕ್ಕಳ ಮೇಲೆ ನಡೆದ ಪರೀಕ್ಷೆಯೊಂದರಲ್ಲಿ ಕಾಯಿಸದೆ ತೆಗೆದ ತೆಂಗಿನೆಣ್ಣೆ ಖನಿಜ ತೈಲಕ್ಕಿಂತ (ಮೈಗೆ ಹಚ್ಚುವ ಮಿನರಲ್ ಆಯಿಲ್) ಹೆಚ್ಚು ಗುಣ ತೋರಿಸಿತ್ತು. ನಮ್ಮಲ್ಲೂ ಎಡಗೈ ಮೆತ್ತಗಾಯಿತು, ಉರಿಯಲಿಲ್ಲ, ಮಗಳು ತಕರಾರು ಮಾಡಲಿಲ್ಲ. ಕೊರತೆಯೊಂದೇ, ಅದು ನಿಲ್ಲುವುದಿಲ್ಲ. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಅಂಗಿಗೆ ಸೇರಿರುತ್ತದೆ. ಶಿರಸಿಯ ಧನುರ್ಮಾಸದ ಚಳಿಯಲ್ಲಂತೂ ಬಾಟಲಿಯಲ್ಲೇ ಹೆಪ್ಪುಗಟ್ಟಿ, ಒಲೆಯ ಪಕ್ಕ ಇಟ್ಟು ಕರಗಿಸಿಕೊಳ್ಳಬೇಕು. ಎಲ್ಲ ಎಣ್ಣೆಯೂ ಒಂದೇ ಎಂದುಕೊಳ್ಳುವುದೂ ಬೇಡ. ದುಬೈಯಿಂದ ಬಂದ ನೆಂಟರು ಕೊಟ್ಟ ಆಲಿವ್ ಎಣ್ಣೆಯನ್ನು ನಾನು ಅಡುಗೆಮನೆಗೇ ಕಳಿಸಿದೆ. ಅದರಲ್ಲಿ ಹೇರಳವಾಗಿರುವ ಒಲೆಯಿಕ್ ಆಮ್ಲ ಚರ್ಮದ ಮೇಲ್ಪದರವನ್ನು ಇನ್ನಷ್ಟು ಸಡಿಲಿಸುತ್ತದೆ.

ಮುರುಗಲ ತುಪ್ಪದ ಮೇಲೆ ನನಗೆ ವಿಶೇಷ ಮಮತೆ. ಮುರುಗಲ ಬೀಜದಿಂದ ತೆಗೆದು ಉಂಡೆ ಕಟ್ಟಿಟ್ಟ ಈ ಜಿಡ್ಡು ಬಿಳಿಯಾಗಿ ಗಟ್ಟಿಯಾಗಿರುತ್ತದೆ. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರುತ್ತದೆ, ಅಂಗೈಯಲ್ಲಿ ತಿಕ್ಕುತ್ತ ಹೋದರೆ ನಿಧಾನವಾಗಿ ಕರಗುತ್ತದೆ. ತೋಟಕ್ಕೆ ಹೋಗಿ ಬರುವ ಅಪ್ಪನ ಹಿಮ್ಮಡಿಯ ಬಿರುಕಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಆದರೆ ಮಗುವಿನ ಕೆಂಪಾದ ಮಡಿಕೆಗೆ ಬೇಕಾದದ್ದು ತಿಕ್ಕದೆ ಸವರಬಹುದಾದ ವಸ್ತು. ಪೂರ್ತಿ ಕರಗದ ಒಂದು ಹರಳು ಉಳಿದರೂ ಮಗಳು ಕೈ ಎಳೆದುಕೊಳ್ಳುತ್ತಿದ್ದಳು. ಆಯಿಗೆ ಬೇಸರವಾದರೂ ಉಂಡೆ ಮತ್ತೆ ಅಪ್ಪನ ಪಾಲಾಯಿತು.

ಪೆಟ್ರೋಲಿಯಂ ಜೆಲ್ಲಿಗೆ ಬಣ್ಣವಿಲ್ಲ, ಪರಿಮಳವಿಲ್ಲ, ಜಾಹೀರಾತಿನ ಬೆಡಗೂ ಇಲ್ಲ. ಚರ್ಮದೊಳಗೆ ಏನನ್ನೂ ಸೇರಿಸದೆ, ಇದ್ದ ನೀರು ಆರಿಹೋಗದಂತೆ ಮೇಲಿನಿಂದ ಮುಚ್ಚುವುದಷ್ಟೇ ಅದರ ಕೆಲಸ. ಹಾಗಾಗಿ ಸ್ನಾನ ಮಾಡಿಸಿ, ಟವೆಲಿನಿಂದ ಒತ್ತಿ, ಮೈಯಲ್ಲಿ ಪಸೆ ಇರುವಾಗಲೇ ಹಚ್ಚಬೇಕು. ಒಣಗಿದ ಮೇಲೆ ಹಚ್ಚಿದರೆ ಅರ್ಧ ಉಪಯೋಗ. ಅಡಿಕೆ ಕೊಯ್ಲಿನ ದಿನಗಳಲ್ಲಿ ತವರಿನಲ್ಲಿ ರಾತ್ರಿ ಜೆಲ್ಲಿ ಹಚ್ಚಿ ಹತ್ತಿಯ ತುಂಬುತೋಳಿನ ಅಂಗಿ ಹಾಕಿದಾಗ ಬಲಗೈ ಎಡಗೈಯನ್ನು ಸುಲಭವಾಗಿ ಸೋಲಿಸಿತು. ತೆಂಗಿನೆಣ್ಣೆಯ ಕೈಯನ್ನು ನಿದ್ದೆಯಲ್ಲೂ ಕೆರೆದುಕೊಳ್ಳುತ್ತಿದ್ದವಳು ಜೆಲ್ಲಿಯ ಕೈಯನ್ನು ಮರೆತು ಮಲಗಿದಳು. ಒಂದು ಎಚ್ಚರ ಮಾತ್ರ ಬೇಕೇಬೇಕು. ಇಂಥ ಜಿಡ್ಡು ಹೀರಿಕೊಂಡ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಬಚ್ಚಲೊಲೆಯ ಮುಂದೆ ಮಕ್ಕಳು ಮೈ ಕಾಯಿಸುತ್ತ ಕೂರುವ ಮನೆಗಳಲ್ಲಿ ಇದನ್ನು ದೊಡ್ಡವರೆಲ್ಲರಿಗೂ ಹೇಳಿಡಬೇಕು.

ಅದೇ ಡಬ್ಬಿಯನ್ನು ಏಪ್ರಿಲ್‌ನಲ್ಲಿ ಕಾರವಾರಕ್ಕೆ ತಂದಾಗ ಕಥೆ ತಿರುಗಿತು. ಆ ಸೆಕೆಯಲ್ಲಿ ಜೆಲ್ಲಿಯ ಕೆಳಗೆ ಬೆವರು ಸಿಕ್ಕಿಬಿದ್ದು ಕತ್ತು, ಬೆನ್ನ ತುಂಬ ಬೆವರುಸಾಲೆ ಎದ್ದಿತು. ಸಂಜೆ ಕಡಲ ತೀರಕ್ಕೆ ಕರೆದೊಯ್ದರೆ ಮೊಣಕಾಲಿನ ಮಡಿಕೆಗೆ ಮರಳು ಅಂಟಿ, ಪ್ರತಿ ಹೆಜ್ಜೆಗೂ ಉಜ್ಜಿ, ಮನೆಗೆ ಬರುವಾಗ ಇಸುಬು ಇನ್ನಷ್ಟು ಕೆಂಪಾಗಿರುತ್ತಿತ್ತು. ಸೆರಮೈಡ್ ಕ್ರೀಮು ಗೆದ್ದದ್ದು ಇಲ್ಲಿ. ಹಚ್ಚಿದ ಸ್ವಲ್ಪ ಹೊತ್ತಿಗೆ ಇಂಗುತ್ತದೆ, ಅಂಟುವುದಿಲ್ಲ, ಬಟ್ಟೆಗೆ ಕಲೆಯಿಲ್ಲ. ಗಂಡನ ಮುಖದಲ್ಲಿ ಗೆದ್ದ ಕಳೆ. ಅಷ್ಟೇ ಬೇಗ ಬಿಲ್ಲೂ ಬಂತು. ಮೈಯೆಲ್ಲ ಒಣಗಿದ ಮಗುವಿಗೆ ವಾರಕ್ಕೆ 250 ಗ್ರಾಂ ಜಿಡ್ಡಾದರೂ ಬೇಕೆಂಬುದು ವೈದ್ಯರ ಲೆಕ್ಕ. ದುಬಾರಿ ಕ್ರೀಮನ್ನು ಆ ಪ್ರಮಾಣದಲ್ಲಿ ಕೊಳ್ಳುವ ಕೈ ನಮ್ಮದಲ್ಲ, ಕೊಂಡವರೂ ಚೂರುಚೂರು ಹಚ್ಚಿ ಉಳಿತಾಯ ಮಾಡುತ್ತಾರೆ. ಚೂರು ಹಚ್ಚಿದ ದುಬಾರಿ ಕ್ರೀಮಿಗಿಂತ ಧಾರಾಳವಾಗಿ ಹಚ್ಚಿದ ಅಗ್ಗದ ಕ್ರೀಮೇ ಮೇಲು. ಕೊನೆಗೆ ನಾನು ನೆಲೆ ನಿಂತದ್ದು ದೊಡ್ಡ ಡಬ್ಬಿಯಲ್ಲಿ ಬರುವ, ಪರಿಮಳವಿಲ್ಲದ, ಪ್ಯಾರಫಿನ್ ಇರುವ ಸಾದಾ ಕ್ರೀಮಿನ ಮೇಲೆ. ಕೈಯದ್ದದೆ ಚಮಚದಲ್ಲಿ ತೆಗೆದುಕೊಂಡರೆ ಡಬ್ಬಿ ಕೆಡುವುದಿಲ್ಲ.

ನನ್ನ ಎಡಗೈ ಬಲಗೈ ಪರೀಕ್ಷೆ ಒಂದು ಮಗುವಿನದು. ಬ್ರಿಟನ್ನಿನಲ್ಲಿ 550 ಮಕ್ಕಳಿಗೆ ಲೋಷನ್, ಕ್ರೀಮು, ಜೆಲ್, ಮುಲಾಮುಗಳನ್ನು ಹಂಚಿ 16 ವಾರ ನೋಡಿದ ಪರೀಕ್ಷೆಯೊಂದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಗುಣದಲ್ಲಿ ನಾಲ್ಕರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಗುವಿಗೂ ಮನೆಯವರಿಗೂ ಒಗ್ಗುವುದೇ ಸರಿಯಾದದ್ದು ಎಂಬುದು ಅದರ ತಾತ್ಪರ್ಯ. ನಮ್ಮ ಜಿಲ್ಲೆಯ ಮಟ್ಟಿಗೆ ಹವೆಗೂ ಒಗ್ಗಬೇಕು ಎಂದು ನಾನು ಸೇರಿಸುತ್ತೇನೆ. ಸ್ನಾನದ ನೀರಿಗೆ ಸುರಿಯುವ ಎಣ್ಣೆಯ ಬಾಟಲಿಗೆ ಮಾತ್ರ ದುಡ್ಡು ಹಾಕಬೇಡಿ. ಅಲ್ಲಿಯೇ 483 ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಅದರಿಂದ ಹೆಚ್ಚಿನ ಲಾಭವೇನೂ ಸಿಗಲಿಲ್ಲ.

ಸ್ನಾನದ ವಿಷಯದಲ್ಲಿ ಆಯಿಯೊಡನೆ ಜಗಳವೇ ಆಯಿತು. ಹಂಡೆಯ ಸುಡುನೀರು ಹೊಯ್ದು ಕಡಲೆಹಿಟ್ಟಿನಿಂದ ಉಜ್ಜದಿದ್ದರೆ ಮಗುವಿನ ಮೈ ಹದಕ್ಕೆ ಬರದು ಎಂಬುದು ಅವಳ ವಾದ. ಇಸುಬಿನ ಚರ್ಮಕ್ಕೆ ಬಿಸಿನೀರೂ ಉಜ್ಜುವುದೂ ಎರಡೂ ವೈರಿಗಳು. ಉಗುರು ಬೆಚ್ಚಗಿನ ನೀರು, ಪರಿಮಳವಿಲ್ಲದ ಸೌಮ್ಯ ಸಾಬೂನು, ಬೇಗ ಮುಗಿಸುವ ಸ್ನಾನ ಎಂದು ನಾನು ಪಟ್ಟು ಹಿಡಿದೆ. ತಲೆಗೆ ಗೊಂಪು (ಸೊಪ್ಪು ಕಿವುಚಿ ತೆಗೆದ ಲೋಳೆ) ಹಾಕುವುದನ್ನು ಆಯಿಗೇ ಬಿಟ್ಟುಕೊಟ್ಟೆ, ಅದರಿಂದ ತೊಂದರೆಯಾಗಲಿಲ್ಲ.

ಅತ್ತೆಯವರ ಪೌಡರಿನ ಸರದಿ ಬಂದದ್ದು ಬೆವರುಸಾಲೆಗೆ. ಬೆವರಿನ ನಾಳಗಳು ಕಟ್ಟಿಕೊಂಡು ಏಳುವ ಗುಳ್ಳೆಗಳಿವು. ಪೌಡರು ಬೆವರಿನೊಡನೆ ಕಲೆತು ಕತ್ತಿನ ಮಡಿಕೆಯಲ್ಲಿ ಮುದ್ದೆಯಾಗುತ್ತದೆ, ಕೂಸು ಅದರ ಧೂಳನ್ನು ಉಸಿರಾಡುವ ಅಪಾಯ ಬೇರೆ. ಕ್ಯಾಲಮೈನ್ ಲೋಷನ್ ತುರಿಕೆಯನ್ನು ತಣಿಸಿತು, ಆದರೆ ಒಣಗಿಸುವ ಗುಣದಿಂದಾಗಿ ಇಸುಬಿನ ಜಾಗಕ್ಕೆ ಸಲ್ಲದು. ಇವೆರಡನ್ನೂ ಫ್ಯಾನಿನ ಗಾಳಿ, ತಣ್ಣೀರಿನ ಬಟ್ಟೆ, ತೆಳುವಾದ ಹತ್ತಿಯಂಗಿ ಹಿಂದೆ ಹಾಕಿದವು. ಕರೆಂಟು ಹೋದ ರಾತ್ರಿಗಳಲ್ಲಿ ಬೀಸಣಿಗೆ ಹಿಡಿದು ಕೂತವರು ಅತ್ತೆಯವರೇ.

ಕೆರಳಿದಾಗಿನ ಮುಲಾಮಿನಲ್ಲೂ ಎರಡು ಬಗೆ ನಮ್ಮ ಮನೆಗೆ ಬಂದವು. ಒಂದು, ಅಂಗಡಿಯೊಂದರಲ್ಲಿ ಚೀಟಿ ಕೇಳದೆ ಕೊಟ್ಟ ಟ್ಯೂಬ್. ಕ್ಲೋಬೆಟಸಾಲ್ ಎಂಬ ಬಹಳ ಬಲವಾದ ಸ್ಟಿರಾಯ್ಡ್ ಜೊತೆಗೆ ಶಿಲೀಂಧ್ರದ ಔಷಧವನ್ನೂ ಆ್ಯಂಟಿಬಯೋಟಿಕ್ಕನ್ನೂ ಬೆರೆಸಿದ್ದು. ಇಂಥದ್ದನ್ನು ಹಚ್ಚಿದರೆ ತುರಿಕೆ ಬೇಗ ನಿಲ್ಲುತ್ತದೆ ನಿಜ, ಅದೇ ಅದರ ಮೋಸ. ಹಚ್ಚುತ್ತ ಹೋದರೆ ಚರ್ಮ ತೆಳುವಾಗುತ್ತದೆ, ಹುಳುಕಡ್ಡಿಯಾಗಿದ್ದರೆ ಗುರುತು ಸಿಗದಂತೆ ಹರಡುತ್ತದೆ. ಅದನ್ನು ಮಗಳ ಮೈಗೆ ಸೋಕಿಸಲಿಲ್ಲ. ಇನ್ನೊಂದು, ವೈದ್ಯರು ಬರೆದ 1% ಹೈಡ್ರೋಕಾರ್ಟಿಸೋನ್ ಎಂಬ ಸೌಮ್ಯ ಸ್ಟಿರಾಯ್ಡ್. ಕೆಂಪಿರುವಲ್ಲಿ ಮಾತ್ರ ತೆಳುವಾಗಿ ಹಚ್ಚಿದ ಕೆಲವೇ ದಿನಗಳಲ್ಲಿ ಕೆನ್ನೆ ತಿಳಿಯಾಯಿತು. ಅಳತೆಯನ್ನು ನರ್ಸಮ್ಮ ತೋರಿಸಿಕೊಟ್ಟರು: ದೊಡ್ಡವರ ತೋರುಬೆರಳಿನ ತುದಿಯ ಗೆಣ್ಣಿನಷ್ಟುದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈಯಗಲದ ಜಾಗಕ್ಕೆ ಅಷ್ಟು ಸಾಕು. ಸ್ಟಿರಾಯ್ಡ್ ಎಂಬ ಹೆಸರಿಗೇ ಹೆದರಿ ಮಗುವನ್ನು ರಾತ್ರಿಯಿಡೀ ಕೆರೆದುಕೊಳ್ಳಲು ಬಿಡುವವರನ್ನೂ ನೋಡಿದ್ದೇನೆ. ಆ ಹೆದರಿಕೆ ಮಗುವಿಗೇನೂ ಉಪಕಾರ ಮಾಡುವುದಿಲ್ಲ.

ಈ ಹೋಲಿಕೆಯೆಲ್ಲ ಇಸುಬು ಎಂದು ಖಚಿತವಾದ ಮೇಲಿನದು. ರಾತ್ರಿ ತುರಿಕೆ ಜಾಸ್ತಿಯಾಗಿ, ಬೆರಳುಗಳ ಸಂದಿಯಲ್ಲಿ ಗುಳ್ಳೆ ಎದ್ದು, ಮನೆಯಲ್ಲಿ ಇತರರೂ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿಹುಳದ ಕಾಟವಿರಬಹುದು. ಅದಕ್ಕೆ ಜಿಡ್ಡು ಹಚ್ಚಿ ಫಲವಿಲ್ಲ, ವೈದ್ಯರು ಹೇಳಿದ ಔಷಧವನ್ನು ಮನೆಮಂದಿಯೆಲ್ಲ ಒಟ್ಟಿಗೆ ಹಚ್ಚಿಕೊಳ್ಳಬೇಕು. ಇಸುಬಿನ ಮೇಲೆ ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ ಸೋಂಕು ತಗುಲಿದೆ ಎಂದರ್ಥ. ಇದ್ದಕ್ಕಿದ್ದಂತೆ ಒಂದೇ ಬಗೆಯ ನೀರ್ಗುಳ್ಳೆಗಳು ಗುಂಪಾಗಿ ಎದ್ದು, ನೋವಿನೊಡನೆ ಜ್ವರವೂ ಬಂದರೆ ಅದು ಹರ್ಪಿಸ್ ಸೋಂಕಿರಬಹುದು. ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು.